ಕಾರ್ಡಿದೆ, ಕಾಯಿಲೆಗೆ ಹೆಸರಿಲ್ಲ

ಆಂಧ್ರಪ್ರದೇಶದ ಬಡ ಕುಟುಂಬದ ಕೈಯಲ್ಲಿ ವರ್ಷಕ್ಕೆ 25 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಡುವ ಕಾರ್ಡು ಇದೆ. ಅದೇ ಮನೆಯಲ್ಲಿ ಒಬ್ಬರಿಗೆ ತಿಂಗಳುಗಟ್ಟಲೆ ಜ್ವರ ಬಂದು ಬಂದು ಹೋಗುತ್ತಿದ್ದರೆ, ಕೈಕಾಲು ಸೋತು ಬರುತ್ತಿದ್ದರೆ, ಹೊಟ್ಟೆನೋವು ಬಿಡದೆ ಕಾಡುತ್ತಿದ್ದರೆ, ಇದು ಏನು ಕಾಯಿಲೆ ಎಂದು ತಿಳಿಯಲು ಬೇಕಾದ ನಾಲ್ಕೈದು ಸಾವಿರ ರೂಪಾಯಿಯನ್ನು ಬಡ್ಡಿಗೆ ತರಬೇಕು. ಹೆಸರಿರುವ ರೋಗಕ್ಕೆ ಕಾರ್ಡು ಹಣ ಕೊಡುತ್ತದೆ. ಹೆಸರು ಹುಡುಕುವ ಖರ್ಚು ರೋಗಿಯದು. ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ಇಂದು ಬಂದು ನಿಂತಿರುವ ದುಸ್ಥಿತಿ ಇದು.

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಗೋನೆಗಂಡ್ಲವನ್ನೇ ನೋಡೋಣ. ಹಂದ್ರಿ ನದಿಗೆ ಕಟ್ಟಿದ ಗಾಜುಲದಿನ್ನೆ ಜಲಾಶಯ ಇದೇ ಮಂಡಲದಲ್ಲಿದ್ದರೂ ಸುತ್ತಲಿನ ಬಹುಪಾಲು ಹೊಲಗಳು ಮಳೆಯನ್ನೇ ನಂಬಿವೆ. ಹತ್ತಿ, ಶೇಂಗಾ, ಈರುಳ್ಳಿ, ಜೊತೆಗೆ ಕುರಿ. ಊರಿನಿಂದ ಪೂರ್ವಕ್ಕೆ ಬಸ್ಸು ಹಿಡಿದರೆ ಕರ್ನೂಲಿನ ದೊಡ್ಡಾಸ್ಪತ್ರೆ. ಪಶ್ಚಿಮಕ್ಕೆ ಹಿಡಿದರೆ ಎಮ್ಮಿಗನೂರು, ಆದವಾನಿ, ಗಡಿ ದಾಟಿದರೆ ಬಳ್ಳಾರಿ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹಳೆಯ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ನಕ್ಷೆಯ ಗೆರೆ ಬದಲಾಯಿತು. ಹೆಣ್ಣು ಕೊಟ್ಟು ತರುವ ದಾರಿ, ಸಂತೆಯ ದಾರಿ, ಜಾತ್ರೆಯ ದಾರಿ ಬದಲಾಗಲಿಲ್ಲ. ಆಸ್ಪತ್ರೆಯ ದಾರಿಯೂ ಹಾಗೆಯೇ ಉಳಿಯಿತು. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಜನ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ತೆಲಂಗಾಣಕ್ಕೆ ಹತ್ತಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಕಾಯಿಲೆಯೂ ಅವರ ಗಂಟಿನ ಜೊತೆಗೇ ಹೋಗುತ್ತದೆ.

ಇಲ್ಲಿ ಪತ್ತೆಯಾಗದ ಕಾಯಿಲೆಯೊಂದು ಸಾಗುವ ದಾರಿ ಎಲ್ಲರಿಗೂ ಗೊತ್ತಿರುವಂಥದ್ದು. ಜ್ವರ ಬಂದರೆ ಮೊದಲು ಊರಿನ ಆರ್‌ಎಂಪಿ ಡಾಕ್ಟರು. ಒಂದು ಸೂಜಿ, ಒಂದು ಸಲೈನ್ ಬಾಟಲಿ, ಮೂರು ದಿನದ ಮಾತ್ರೆ. ಇಳಿದ ಜ್ವರ ವಾರಕ್ಕೆ ಮರಳುತ್ತದೆ. ಪಟ್ಟಣದ ಲ್ಯಾಬಿನಲ್ಲಿ ವಿಡಾಲ್ ಪರೀಕ್ಷೆ ಮಾಡಿಸುತ್ತಾರೆ. ‘ಟೈಫಾಯಿಡ್’ ಎಂಬ ಚೀಟಿ ಸಿಗುತ್ತದೆ. ಒಂದೇ ಸಲ ಮಾಡಿಸಿದ ವಿಡಾಲ್ ನಂಬಿ ಟೈಫಾಯಿಡ್ ಎಂದು ನಿರ್ಧರಿಸಬಾರದು ಎಂದು ವೈದ್ಯಶಾಸ್ತ್ರ ಬಹುಕಾಲದಿಂದ ಹೇಳುತ್ತ ಬಂದಿದ್ದರೂ ನಮ್ಮ ಸಣ್ಣ ಪಟ್ಟಣಗಳಲ್ಲಿ ಅರ್ಧ ಜ್ವರಗಳಿಗೆ ಅದೇ ಹೆಸರು. ಮಾತ್ರೆಯ ಕೋರ್ಸು ಮುಗಿಯುತ್ತದೆ, ಜ್ವರ ಮುಗಿಯುವುದಿಲ್ಲ. ಆಮೇಲೆ ಎಮ್ಮಿಗನೂರಿನ ಖಾಸಗಿ ನರ್ಸಿಂಗ್ ಹೋಮು, ಸ್ಕ್ಯಾನಿಂಗು. ಅಲ್ಲಿಂದ ಆದವಾನಿ. ಹೊಸ ಡಾಕ್ಟರು ಹಳೆಯ ರಿಪೋರ್ಟು ಪಕ್ಕಕ್ಕಿಟ್ಟು ಮತ್ತೆ ಅವೇ ಪರೀಕ್ಷೆ ಬರೆಯುತ್ತಾರೆ. ಕೊನೆಗೆ ಕರ್ನೂಲು. ಪ್ರತಿ ಸಲವೂ ರೋಗಿಯ ಒಂದು ದಿನದ ಕೂಲಿ, ಜೊತೆಗೆ ಬಂದವರ ಒಂದು ದಿನದ ಕೂಲಿ, ಬಸ್ ಚಾರ್ಜು, ಹೋಟೆಲಿನ ಊಟ. ಕೊನೆಗೊಮ್ಮೆ ಆಸ್ಪತ್ರೆಯ ಕೌಂಟರಿನಲ್ಲಿ ಕೂತ ಆರೋಗ್ಯಮಿತ್ರರ ಮುಂದೆ ಕಾರ್ಡು ಇಟ್ಟಾಗ ಕೇಳುವ ಮೊದಲ ಪ್ರಶ್ನೆ, ‘ಏನು ಕೇಸು?’ ಅದು ಗೊತ್ತಿದ್ದರೆ ಅವರು ಇಷ್ಟು ದೂರ ಅಲೆಯುತ್ತಲೇ ಇರಲಿಲ್ಲ.

ಆರೋಗ್ಯಮಿತ್ರರದು ಇದರಲ್ಲಿ ತಪ್ಪಿಲ್ಲ. ಯೋಜನೆಯ ಕಟ್ಟಡವೇ ಹಾಗಿದೆ. 2007ರ ಏಪ್ರಿಲ್ 1ರಂದು ಅಂದಿನ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಕಾಲದಲ್ಲಿ ಅನಂತಪುರ, ಮಹಬೂಬ್‌ನಗರ, ಶ್ರೀಕಾಕುಳಂ ಜಿಲ್ಲೆಗಳಲ್ಲಿ ಶುರುವಾದ ಆರೋಗ್ಯಶ್ರೀ, ಹೃದಯ, ಮೂತ್ರಪಿಂಡ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳು ಬಡವರ ಮನೆ ಮುರಿಯದಂತೆ ತಡೆಯಲು ಹುಟ್ಟಿದ್ದು. ಅದರಿಂದ ಉಳಿದ ಜೀವಗಳು ಕಡಿಮೆಯಲ್ಲ. ಆ ಋಣವನ್ನು ಮರೆಯಬಾರದು. ಇಂದು ಡಾ. ಎನ್‌ಟಿಆರ್ ವೈದ್ಯ ಸೇವೆ ಎಂಬ ಹೆಸರಿನಲ್ಲಿ ನಡೆಯುವ ಈ ಯೋಜನೆಯ ಪಟ್ಟಿಯಲ್ಲಿ 3,257 ಚಿಕಿತ್ಸೆಗಳಿವೆ. ಒಂದೊಂದಕ್ಕೂ ಒಂದು ಕೋಡು, ಒಂದು ದರ. ಕೋಡು ಹಾಕಿ ಕಳಿಸಿದರೆ ಅಪ್ರೂವಲ್, ಅಪ್ರೂವಲ್ ಬಂದರೆ ಹಣ. ಯೋಜನೆಗೆ ಸೇರಿದ ಆಸ್ಪತ್ರೆಗಳು ಕಾರ್ಡುದಾರರಿಗೆ ಉಚಿತವಾಗಿ ತಪಾಸಣೆಯನ್ನೂ ಮಾಡಬೇಕು ಎಂಬ ಮಾತು ನಿಯಮದಲ್ಲಿದೆ. ಆದರೆ ಆಸ್ಪತ್ರೆಯ ಖಾತೆಗೆ ದುಡ್ಡು ಬರುವುದು ಪಟ್ಟಿಯಲ್ಲಿರುವ ಚಿಕಿತ್ಸೆ ಮಾಡಿದಾಗ. ಕಾರಣ ಹುಡುಕುತ್ತ ಹತ್ತು ದಿನ ತಲೆ ಕೆಡಿಸಿಕೊಂಡ ವೈದ್ಯನಿಗೆ ಆ ಪಟ್ಟಿಯಲ್ಲಿ ಸಾಲಿಲ್ಲ. ಹಣ ಯಾವ ಕಡೆ ಹರಿಯುತ್ತದೋ ಆಸ್ಪತ್ರೆಯ ಗಮನವೂ ಅದೇ ಕಡೆ ಹರಿಯುತ್ತದೆ.

2018ರ ಸೆಪ್ಟೆಂಬರ್ 23ರಂದು ಆರಂಭವಾದ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯ ಕಥೆಯೂ ಇದೇ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಆದರೆ ಒಳರೋಗಿಯಾಗಿ ಸೇರಿದರೆ ಮಾತ್ರ. ಸೇರುವ ಮೊದಲಿನ 3 ದಿನದ ಪರೀಕ್ಷೆಯ ಖರ್ಚನ್ನು ಅದು ಒಪ್ಪುತ್ತದೆ. ಮೂರು ದಿನದಲ್ಲಿ ಪತ್ತೆಯಾಗುವ ಕಾಯಿಲೆಗಳೂ ಇವೆ, ನಿಜ. ಆದರೆ ಕೀಲುಗಳಿಂದ ಶುರುವಾಗಿ ಚರ್ಮಕ್ಕೆ, ಮೂತ್ರಪಿಂಡಕ್ಕೆ ಹಬ್ಬುವ ಲೂಪಸ್. ಶ್ವಾಸಕೋಶ ಬಿಟ್ಟು ಬೆನ್ನುಮೂಳೆಯಲ್ಲೋ ಹೊಟ್ಟೆಯಲ್ಲೋ ಅವಿತು ಕೂರುವ ಕ್ಷಯ. ನರಗಳನ್ನು ಮೆಲ್ಲಗೆ ತಿನ್ನುವ ಅಪರೂಪದ ಕಾಯಿಲೆಗಳು, ಇವು ಮೂರು ದಿನಕ್ಕೆ ಬಗ್ಗುವುದಿಲ್ಲ. ಇವುಗಳ ಹೆಸರು ಗೊತ್ತಾಗುವ ಹೊತ್ತಿಗೆ ಮನೆಯ ಕುರಿ, ಕಿವಿಯ ಓಲೆ, ಕೆಲವೊಮ್ಮೆ ಅರ್ಧ ಎಕರೆ ಹೊಲ ಹೋಗಿರುತ್ತದೆ.

ದುಡ್ಡು ಕಟ್ಟಿ ಖಾಸಗಿ ವಿಮೆ ಮಾಡಿಸಿದವರು, ಆದವಾನಿಯ ಹತ್ತಿ ವ್ಯಾಪಾರಿಯಾಗಲಿ ಎಮ್ಮಿಗನೂರಿನ ಶಾಲೆಯ ಮೇಷ್ಟರಾಗಲಿ, ಇದರಿಂದ ಪಾರಾದೆವು ಎಂದುಕೊಳ್ಳುವಂತಿಲ್ಲ. ಬಹುತೇಕ ಎಲ್ಲ ಪಾಲಿಸಿಗಳಲ್ಲೂ ವಿಮಾ ನಿಯಂತ್ರಣ ಪ್ರಾಧಿಕಾರ ಒಪ್ಪಿದ ಒಂದು ಷರತ್ತು ಇದೆ: ಮುಖ್ಯವಾಗಿ ತಪಾಸಣೆಗಾಗಿಯೇ ಆಸ್ಪತ್ರೆಗೆ ಸೇರಿದರೆ ಆ ಖರ್ಚು ಸಿಗುವುದಿಲ್ಲ. ಜೊತೆಗೆ ‘ಮೊದಲೇ ಇದ್ದ ಕಾಯಿಲೆ’ ಎಂಬ ಇನ್ನೊಂದು ಷರತ್ತು. ಪಾಲಿಸಿ ಮಾಡಿಸುವ ಹಿಂದಿನ ಮೂರು ವರ್ಷಗಳಲ್ಲಿ ಯಾವ ತೊಂದರೆಗೆ ವೈದ್ಯರ ಸಲಹೆ ಅಥವಾ ಔಷಧ ಪಡೆದಿದ್ದರೂ ಅದನ್ನು ಹಳೆಯ ಕಾಯಿಲೆ ಎಂದು ಲೆಕ್ಕ ಹಾಕಬಹುದು. ಅದಕ್ಕೆ ಗರಿಷ್ಠ ಮೂರು ವರ್ಷದವರೆಗೆ ಕಾಯಿಸಬಹುದು. ಎರಡು ಷರತ್ತುಗಳನ್ನೂ ಒಟ್ಟಿಗೆ ಇಟ್ಟು ನೋಡಿ. ಸುಸ್ತು, ಕೀಲುನೋವು ಎಂದು ಯಾವಾಗಲೋ ಡಾಕ್ಟರ ಬಳಿ ಹೋದವನಿಗೆ ಎರಡು ವರ್ಷದ ಮೇಲೆ ನಿಜವಾದ ರೋಗ ಪತ್ತೆಯಾದರೆ, ಹೆಸರು ಇಲ್ಲದಾಗ ಅದು ಬರೀ ತಪಾಸಣೆ, ಹೆಸರು ಬಂದ ದಿನ ಅದು ಹಳೆಯ ರೋಗ. ಎರಡು ಬಾಗಿಲೂ ಮುಚ್ಚಿವೆ.

ವಿಮಾ ಪ್ರಾಧಿಕಾರದ ವರದಿಯ ಪ್ರಕಾರವೇ 2023–24ರಲ್ಲಿ ಆರೋಗ್ಯ ವಿಮೆಗಾಗಿ ಬಂದ ಸುಮಾರು 1.17 ಲಕ್ಷ ಕೋಟಿ ರೂಪಾಯಿಯ ಕ್ಲೇಮುಗಳಲ್ಲಿ ಪಾವತಿಯಾದದ್ದು 83 ಸಾವಿರ ಕೋಟಿ ಚಿಲ್ಲರೆ. ಸುಮಾರು 15 ಸಾವಿರ ಕೋಟಿಯ ಕ್ಲೇಮುಗಳನ್ನು ಪಾಲಿಸಿಯ ಷರತ್ತುಗಳ ಪ್ರಕಾರ ಕೊಡುವಂತಿಲ್ಲ ಎಂದು ಕಂಪನಿಗಳು ಒಪ್ಪಲಿಲ್ಲ.

ಪತ್ತೆಗೆ ಹಣವಿಲ್ಲದೆ ಚಿಕಿತ್ಸೆಗೆ ಮಾತ್ರ ಹಣವಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಂಧ್ರದ ಹೆಣ್ಣುಮಕ್ಕಳ ದೇಹವೇ ಸಾಕ್ಷಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ಸುಮಾರು ಶೇ. 3, ಆಂಧ್ರಪ್ರದೇಶದಲ್ಲಿ ಸುಮಾರು ಶೇ. 9, ದೇಶದಲ್ಲೇ ಅತಿ ಹೆಚ್ಚು. ಇದಕ್ಕೆ ಕಾರಣಗಳು ಹಲವು. ಆದರೆ ಹೊಟ್ಟೆಯ ಕೆಳಗಿನ ನೋವು, ಬಿಳಿ ಹೋಗುವುದು, ಮುಟ್ಟಿನ ತೊಂದರೆ ಎಂದು ಬಂದ ಹೆಂಗಸಿನ ನೋವಿನ ಮೂಲ ಯಾವುದು ಎಂದು ತಾಳ್ಮೆಯಿಂದ ಹುಡುಕುವ ವೈದ್ಯೆ ಹತ್ತಿರದಲ್ಲಿ ಇಲ್ಲದಿರುವುದು ಅವುಗಳಲ್ಲಿ ಮುಖ್ಯವಾದದ್ದು. ಸೋಂಕಿರಬಹುದು, ಎಂಡೊಮೆಟ್ರಿಯೋಸಿಸ್ ಇರಬಹುದು, ರಕ್ತಹೀನತೆ, ಥೈರಾಯ್ಡ್ ಇರಬಹುದು. ಹುಡುಕಲು ಸಮಯ ಬೇಕು. ಕತ್ತರಿಸಲು ಅರ್ಧ ದಿನ ಸಾಕು. ಮೂವತ್ತೈದು ತುಂಬುವ ಮೊದಲೇ ಗರ್ಭಕೋಶ ಕಳೆದುಕೊಂಡು, ಮೂಳೆ ಸವೆಸಿಕೊಂಡು, ನೋವು ಮಾತ್ರ ಹಾಗೇ ಉಳಿಸಿಕೊಂಡು ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ನಮ್ಮ ಯಾವ ಊರಿನಲ್ಲಿ ಇಲ್ಲ?

ಇನ್ನೊಂದು ಉದಾಹರಣೆ ಕುರಿಗಾರರದು. ಬ್ರುಸೆಲ್ಲೋಸಿಸ್ ಎಂಬ ಕಾಯಿಲೆ ಕುರಿ, ಮೇಕೆ, ದನಗಳಿಂದ ಮನುಷ್ಯರಿಗೆ ಬರುತ್ತದೆ. ಕಾಯಿಸದ ಹಾಲು ಕುಡಿದಾಗ, ಕಂದು ಹಾಕಿದ ಕುರಿಯ ಮಾಸನ್ನು ಬರಿಗೈಯಲ್ಲಿ ಎತ್ತಿ ಹಾಕುವಾಗ ಅದು ಅಂಟುತ್ತದೆ. ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುಗಳ ನೋವು, ಹೇಳಲಾಗದ ಸುಸ್ತು ಇವೇ ಅದರ ಲಕ್ಷಣ. ನೋಡಿದವರು ಟೈಫಾಯಿಡ್, ಮಲೇರಿಯಾ, ವಾತ ಎನ್ನುತ್ತಾರೆ. ಪತ್ತೆಯಾದರೆ ಸುಮಾರು ಆರು ವಾರದ ಸಾಧಾರಣ ಬೆಲೆಯ ಮಾತ್ರೆಗಳಿಂದ ಗುಣವಾಗುವ ಕಾಯಿಲೆ ಇದು. ದನಗಳಲ್ಲಿ ಇದನ್ನು ತಡೆಯಲು 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕಾರ್ಯಕ್ರಮವನ್ನೇ ಶುರು ಮಾಡಿ ಹೆಣ್ಣು ಕರುಗಳಿಗೆ ಲಸಿಕೆ ಹಾಕಿಸುತ್ತಿದೆ. ಒಳ್ಳೆಯದು. ಆದರೆ ಕುರಿಯ ಹಟ್ಟಿಯಲ್ಲೇ ಬಾಳುವ ಮನುಷ್ಯನಿಗೆ ತಿಂಗಳ ಜ್ವರ ಬಂದಾಗ ‘ನಿಮ್ಮ ಮನೆಯಲ್ಲಿ ಕುರಿ ಇವೆಯೇ? ಈಚೆಗೆ ಯಾವುದಾದರೂ ಕಂದು ಹಾಕಿತೇ?’ ಎಂದು ಕೇಳುವವರು ಯಾರು? ಆ ಒಂದು ಪ್ರಶ್ನೆಗೆ ಕೋಡೂ ಇಲ್ಲ, ದರವೂ ಇಲ್ಲ. ಆದರೆ ರೋಗ ಪತ್ತೆಯಾಗುವುದೇ ಆ ಪ್ರಶ್ನೆಯಿಂದ.

ಪ್ರಶ್ನೆಗೆ ಭಾಷೆಯೂ ಬೇಕು. ಕೌತಾಳಂ, ಹೊಳಗುಂದ, ಆದವಾನಿ ಕಡೆಯ ಕನ್ನಡ ಮಾತಾಡುವ ಮುದುಕಿ ‘ಸಂಕಟ ಆಗ್ತೈತ್ರೀ, ಕಾಲು ಜುಮ್ ಅಂತಾವ’ ಎಂದರೆ, ಅದು ತೆಲುಗಿಗೆ ಒಂದು ಸಲ, ಇಂಗ್ಲಿಷಿಗೆ ಇನ್ನೊಂದು ಸಲ ದಾಟಿ ಚೀಟಿಗೆ ಇಳಿಯುವಾಗ ‘ಮೈಕೈ ನೋವು’ ಎಂದಾಗಿರುತ್ತದೆ. ಸಂಕಟ ಹೊಟ್ಟೆಯದೋ ಎದೆಯದೋ, ಜುಮ್ಮೆನ್ನುವುದು ಎರಡು ಕಾಲೋ ಒಂದೋ, ಎಷ್ಟು ದಿನದಿಂದ, ಯಾವ ಹೊತ್ತಿನಲ್ಲಿ, ಇವೆಲ್ಲ ದಾರಿಯಲ್ಲೇ ಉದುರಿ ಹೋಗಿರುತ್ತವೆ. ನೂರು ರೋಗಿಗಳ ಸಾಲಿನಲ್ಲಿ ಒಬ್ಬರಿಗೆ ಎರಡು ನಿಮಿಷ ಸಿಗುವ ಕಡೆ ಯಾವ ಭಾಷೆಯ ರೋಗಿಯ ಮಾತೂ ಪೂರ್ತಿ ಮುಗಿಯುವುದಿಲ್ಲ. ಗಡಿಯ ಭಾಷೆಯವರದು ಶುರುವೇ ಆಗುವುದಿಲ್ಲ.

ಸರ್ಕಾರಕ್ಕೆ ರೋಗದ ಹೆಸರು ಹುಡುಕುವುದು ಗೊತ್ತಿಲ್ಲವೇ? ಗೊತ್ತಿದೆ, ಹುಡುಕಿ ತೋರಿಸಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನ ಜ್ವರದಿಂದ ಸಾಯತೊಡಗಿದರು. ಹಳದಿ ಜ್ವರವೇ ಬಂತೋ ಎಂಬ ಭಯ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಾಡಿಗೇ ಬಂದು, ಸತ್ತ ಮಂಗದಿಂದ ಹೊಸ ವೈರಸ್ಸನ್ನು ಅದೇ ವರ್ಷ ಬೇರ್ಪಡಿಸಿದರು. ಮಂಗನ ಕಾಯಿಲೆಗೆ ಹೆಸರು ಸಿಕ್ಕಿತು. ಎಪ್ಪತ್ತರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ಕೂಲಿಕಾರರ ಸೊಂಟ, ಮಂಡಿಗಳು ಕಾರಣವಿಲ್ಲದೆ ಸವೆದು ಅವರು ನಡೆಯಲಾರದಾದಾಗ, ಗದ್ದೆಯ ಏಡಿ ತಿಂದದ್ದೇ ಕಾರಣವೋ, ಕೀಟನಾಶಕವೋ ಎಂದು ಶೋಧ ನಡೆಯಿತು. ವಂಶಪಾರಂಪರ್ಯವಾಗಿ ಬರುವ ಮೂಳೆ ರೋಗ ಎಂದು ಗೊತ್ತಾಗಲು ಕಾಲ ಹಿಡಿಯಿತು. ಹೆಸರು ತಿಳಿಯದ ಆ ದಿನಗಳಲ್ಲಿ ಅದನ್ನು ಊರ ಹೆಸರಿನಿಂದಲೇ ಕರೆದರು. ಇಂದಿಗೂ ಅದು ಹಂದಿಗೋಡು ಕಾಯಿಲೆ. ತೀರಾ ಈಚೆಗೆ, 2020ರ ಡಿಸೆಂಬರ್‌ನಲ್ಲಿ ಆಂಧ್ರದ ಏಲೂರಿನಲ್ಲಿ 600ಕ್ಕೂ ಹೆಚ್ಚು ಜನ ಫಿಟ್ಸ್ ಬಂದು, ತಲೆ ಸುತ್ತಿ ಬಿದ್ದಾಗ ದೆಹಲಿಯ ಏಮ್ಸ್, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆಯ ತಂಡಗಳು ಓಡಿ ಬಂದವು. ರಕ್ತದಲ್ಲಿ ಸೀಸ, ನಿಕ್ಕಲ್ ಕಂಡವು. ಕೀಟನಾಶಕದ ಅಂಶದತ್ತಲೂ ಬೆರಳು ಹೋಯಿತು.

ಆರುನೂರು ಮಂದಿ ಒಟ್ಟಿಗೆ ಬಿದ್ದರೆ ದೆಹಲಿ ಬರುತ್ತದೆ. ಆರುನೂರು ಹಳ್ಳಿಗಳಲ್ಲಿ ಒಬ್ಬೊಬ್ಬರಾಗಿ ಬಿದ್ದರೆ ಯಾರೂ ಬರುವುದಿಲ್ಲ. ಒಂಟಿಯಾಗಿ ಬಿದ್ದವರಿಗೆ ಉತ್ತರ ಕೊಡುವುದಕ್ಕೆಂದೇ ಈ ದೇಶ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕಟ್ಟಿತ್ತು. ಹಣವಿಲ್ಲ ಎಂಬ ಕಾರಣಕ್ಕೆ ಯಾರಿಗೂ ವೈದ್ಯಕೀಯ ಆರೈಕೆ ತಪ್ಪಬಾರದು ಎಂದು 1946ರಲ್ಲೇ ಭೋರ್ ಸಮಿತಿ ಬರೆದಿತ್ತು. ಆ ಮಾತಿನ ಬುನಾದಿಯ ಮೇಲೆ ಹಳ್ಳಿಗೆ ಆರೋಗ್ಯ ಕೇಂದ್ರ, ತಾಲ್ಲೂಕಿಗೆ ಆಸ್ಪತ್ರೆ, 1957ರಲ್ಲಿ ಕರ್ನೂಲಿಗೆ, 1961ರಲ್ಲಿ ಬಳ್ಳಾರಿಗೆ ವೈದ್ಯಕೀಯ ಕಾಲೇಜು ಬಂದವು. ಅಂದಿನ ಬಡ ದೇಶ ಆಸ್ಪತ್ರೆ ಕಟ್ಟಿತು. ಇಂದಿನ ಶ್ರೀಮಂತ ದೇಶ ಕಾರ್ಡು ಹಂಚುತ್ತಿದೆ.

ದುಸ್ಥಿತಿ ಎಂಬ ದೊಡ್ಡ ಮಾತನ್ನು ನಾವು ಸುಮ್ಮನೆ ಬಳಸುತ್ತಿಲ್ಲ. ಕೇಂದ್ರ ಸರ್ಕಾರದ 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ತಜ್ಞ ವೈದ್ಯರ ಕೊರತೆ ಶೇ. 79.5. ಹತ್ತು ಮಂದಿ ತಜ್ಞರು ಇರಬೇಕಾದ ಕಡೆ ಇಬ್ಬರು. ರೋಗ ಪತ್ತೆ ಮಾಡಬೇಕಾದ ಫಿಜಿಷಿಯನ್ ಕುರ್ಚಿಯೇ ಖಾಲಿ. 2021–22ರಲ್ಲಿ ಕೇಂದ್ರ, ರಾಜ್ಯಗಳೆಲ್ಲ ಸೇರಿ ಆರೋಗ್ಯಕ್ಕೆ ಮಾಡಿದ ಸರ್ಕಾರಿ ಖರ್ಚು ಜಿಡಿಪಿಯ ಶೇ. 1.84, 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಶೇ. 2.5 ಮುಟ್ಟಿಸುವುದಾಗಿ ಹೇಳಿತ್ತು. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ರಷ್ಟನ್ನು ಜನ ತಮ್ಮ ಜೇಬಿನಿಂದಲೇ ಕೊಟ್ಟರು. ಮೊದಲಿಗಿಂತ ಇದು ಕಡಿಮೆಯಾಗಿದೆ ಎಂಬುದು ನಿಜ. ಆದರೆ ಉಳಿದಿರುವ ಭಾರದ ಬಹುಪಾಲು ಬೀಳುತ್ತಿರುವುದು ಔಷಧ, ಹೊರರೋಗಿ ಶುಲ್ಕ, ಪರೀಕ್ಷೆಗಳ ಮೇಲೆ. ಅಂದರೆ ಕಾರ್ಡು ಮುಟ್ಟದ ಜಾಗದ ಮೇಲೆ.

ಆದವಾನಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಥೆ ಈ ಸೀಮೆಯವರಿಗೆ ಗೊತ್ತೇ ಇದೆ. 2021ರಲ್ಲಿ ಶಂಕುಸ್ಥಾಪನೆಯಾಯಿತು. ಕಾಲೇಜು ಬಂದಿದ್ದರೆ ಆಲೂರು, ಕೋಸಿಗಿ, ಪತ್ತಿಕೊಂಡ, ಗೋನೆಗಂಡ್ಲದವರಿಗೆ ಒಂದೇ ಸೂರಿನಡಿ ಹತ್ತಾರು ವಿಭಾಗಗಳ ವೈದ್ಯರು, ಲ್ಯಾಬು, ಸ್ಕ್ಯಾನಿಂಗ್ ಸಿಗುತ್ತಿತ್ತು. 2025ರಲ್ಲಿ ರಾಜ್ಯ ಸರ್ಕಾರ ಆದವಾನಿ, ಮದನಪಲ್ಲೆ, ಮಾರ್ಕಾಪುರ, ಪುಲಿವೆಂದುಲ ಕಾಲೇಜುಗಳನ್ನು ಖಾಸಗಿ ಸಹಭಾಗಿತ್ವಕ್ಕೆ ಕೊಡಲು ಹೊರಟಿತು. ಹಿಂದಿನ ಸರ್ಕಾರ ಮುಗಿಸಲಿಲ್ಲ ಎಂದು ಈಗಿನವರು, ಈಗಿನವರು ಮಾರುತ್ತಿದ್ದಾರೆ ಎಂದು ಹಿಂದಿನವರು. ಈ ಜಗಳದಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ರೋಗಿಗೆ ಮಾತ್ರ ಇಬ್ಬರ ಕಾಲದಲ್ಲೂ ಬಾಗಿಲು ತೆರೆಯಲಿಲ್ಲ.

ಕಾರ್ಡಿನ ಗತಿಯಾದರೂ ಭದ್ರವೇ? ಸರ್ಕಾರ ಬಾಕಿ ಉಳಿಸಿಕೊಂಡಿದೆ ಎಂದು ಖಾಸಗಿ ಆಸ್ಪತ್ರೆಗಳು 2024ರಲ್ಲೂ 2025ರಲ್ಲೂ ವೈದ್ಯ ಸೇವೆಯ ಚಿಕಿತ್ಸೆ ನಿಲ್ಲಿಸಿದವು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಹೊಸ ಪದ್ಧತಿಗೆ ಒಪ್ಪಿಗೆ ಕೊಟ್ಟಿತು: 2.5 ಲಕ್ಷ ರೂಪಾಯಿವರೆಗೆ ವಿಮಾ ಕಂಪನಿ, ಅದಕ್ಕೂ ಮೇಲೆ 25 ಲಕ್ಷದವರೆಗೆ ಸರ್ಕಾರಿ ಟ್ರಸ್ಟ್. ಆರೋಗ್ಯಶ್ರೀ ಶುರುವಾದಾಗಲೂ ವಿಮಾ ಕಂಪನಿಯೇ ಇತ್ತು, ಆಮೇಲೆ ಟ್ರಸ್ಟ್ ಬಂತು. ಈಗ ಮತ್ತೆ ಕಂಪನಿ. ಹಣ ಕೊಡುವ ಕೈ ಬದಲಾಗುತ್ತಲೇ ಇದೆ, ‘ಏನು ಕೇಸು?’ ಎಂಬ ಪ್ರಶ್ನೆ ಬದಲಾಗಿಲ್ಲ. ಲಾಭ ನೋಡುವ ಕಂಪನಿ ಹೆಸರಿಲ್ಲದ ರೋಗಕ್ಕೆ ತಾನಾಗಿ ಹಣ ಕೊಟ್ಟೀತು ಎಂದು ನಂಬಲು ಯಾವ ಕಾರಣವೂ ಇಲ್ಲ. ಒಪ್ಪಂದದಲ್ಲಿ ಬರೆದರೆ ಕೊಡುತ್ತದೆ, ಬರೆಯದಿದ್ದರೆ ಇಲ್ಲ.

ಪರೀಕ್ಷೆಗಳಿಗೂ ಹೊರರೋಗಿಗಳಿಗೂ ಹಣ ಕೊಡುತ್ತ ಹೋದರೆ ಖಜಾನೆ ಉಳಿಯದು, ಬೇಡದ ಸ್ಕ್ಯಾನು ಮಾಡಿ ಬಿಲ್ಲು ಹಾಕುವವರು ಹೆಚ್ಚುತ್ತಾರೆ ಎಂದು ಅಧಿಕಾರಿಗಳು ಹೇಳುತ್ತಾರೆ. ಈ ಭಯ ಸುಳ್ಳಲ್ಲ. ಅದಕ್ಕೇ ಪತ್ತೆಯ ಕೆಲಸ ಸರ್ಕಾರಿ ಲ್ಯಾಬಿನಲ್ಲಿ, ಸಂಬಳ ಪಡೆಯುವ ವೈದ್ಯರ ಕೈಯಲ್ಲಿ ನಡೆಯಬೇಕು ಎನ್ನುತ್ತಿರುವುದು. ಕೇಂದ್ರದ ಉಚಿತ ಪರೀಕ್ಷಾ ಯೋಜನೆಯ ಪಟ್ಟಿಯ ಪ್ರಕಾರ ಉಪಕೇಂದ್ರದಲ್ಲಿ 14, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 63, ಸಮುದಾಯ ಆರೋಗ್ಯ ಕೇಂದ್ರದಲ್ಲಿ 97, ಜಿಲ್ಲಾ ಆಸ್ಪತ್ರೆಯಲ್ಲಿ 134 ಬಗೆಯ ಪರೀಕ್ಷೆಗಳು ಸಿಗಬೇಕು. ಬರೆದದ್ದನ್ನು ನಡೆಸಿದರೆ ಪಶ್ಚಿಮ ಕರ್ನೂಲಿನ ಅರ್ಧ ಅಲೆದಾಟ ನಿಲ್ಲುತ್ತದೆ. ತಡವಾಗಿ ಪತ್ತೆಯಾದ ಮೂತ್ರಪಿಂಡದ ರೋಗಕ್ಕೆ ಬದುಕಿರುವವರೆಗೂ ಡಯಾಲಿಸಿಸ್ ಕೊಡಿಸುವುದಕ್ಕಿಂತ, ಐದು ವರ್ಷ ಮೊದಲೇ ಮೂತ್ರ ಪರೀಕ್ಷೆ ಮಾಡಿಸುವುದು ಖಜಾನೆಗೂ ಅಗ್ಗ ಎಂಬುದಕ್ಕೆ ಲೆಕ್ಕ ಬೇಕೇ?

ಬೇರೆ ದೇಶಗಳು ಈ ಸಮಸ್ಯೆಯನ್ನು ಗುರುತಿಸಿ ದಾರಿ ಮಾಡಿಕೊಂಡಿವೆ. ಎಲ್ಲೂ ಉತ್ತರ ಸಿಗದ ರೋಗಿಗಳಿಗೆಂದೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2008ರಲ್ಲಿ, ಜಪಾನ್ 2015ರಲ್ಲಿ ಪ್ರತ್ಯೇಕ ಕಾರ್ಯಕ್ರಮ ಶುರು ಮಾಡಿದವು. ನಮ್ಮಲ್ಲಿ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಇದೆ. ಗುರುತಿಸಿದ ಕೇಂದ್ರಗಳಲ್ಲಿ 50 ಲಕ್ಷ ರೂಪಾಯಿವರೆಗೆ ನೆರವು ಉಂಟು. ಅದು ಸಿಗುವುದು ಕೂಡ ರೋಗದ ಹೆಸರು ಗೊತ್ತಾದ ಮೇಲೆ. ಗೋನೆಗಂಡ್ಲದವರಿಗೆ ಅಂಥ ಕೇಂದ್ರ ಇರುವುದು ಹೈದರಾಬಾದಿನಲ್ಲಿ, ಇಲ್ಲವೇ ಬೆಂಗಳೂರಿನಲ್ಲಿ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಒಂದು, ವೈದ್ಯ ಸೇವೆಯ ಪಟ್ಟಿಗೆ ‘ರೋಗ ಪತ್ತೆ’ ಎಂಬುದನ್ನೇ ಒಂದು ಚಿಕಿತ್ಸೆಯಾಗಿ ಸೇರಿಸಿ. ಮೂರು ವಾರ ಮೀರಿದ ಜ್ವರ, ಕಾರಣವಿಲ್ಲದ ತೂಕ ಇಳಿತ, ಬಲಗುಂದುವ ಕೈಕಾಲು ಇಂಥ ಲಕ್ಷಣಗಳನ್ನೇ ಬರೆದು ಅಪ್ರೂವಲ್ ಕೊಡುವ ದಾರಿ ಇರಲಿ. ಎರಡು, ಕರ್ನೂಲಿನ ದೊಡ್ಡಾಸ್ಪತ್ರೆಯಲ್ಲೂ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ವಾರಕ್ಕೆ ಒಂದು ದಿನ, ಹಲವು ವಿಭಾಗದ ವೈದ್ಯರು ಒಟ್ಟಿಗೆ ಕೂತು ಪತ್ತೆಯಾಗದ ಕಾಯಿಲೆಯವರನ್ನು ನೋಡುವ ಕ್ಲಿನಿಕ್ ನಡೆಯಲಿ. ಅಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬಲ್ಲ ಒಬ್ಬರಾದರೂ ಇರಲಿ. ಮೂರು, ಆಂಧ್ರ ಮತ್ತು ಕರ್ನಾಟಕ ಸರ್ಕಾರಗಳು ಗಡಿ ತಾಲ್ಲೂಕುಗಳಿಗಾಗಿ ಒಪ್ಪಂದ ಮಾಡಿಕೊಂಡು, ಒಂದು ಕಡೆಯ ಕಾರ್ಡು ಇನ್ನೊಂದು ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ ತಕರಾರಿಲ್ಲದೆ ನಡೆಯುವಂತೆ ಮಾಡಲಿ. ನಾಲ್ಕು, ತಿಂಗಳಿಗೆ ಎಷ್ಟು ಅಪ್ರೂವಲ್ ಕೇಳಲಾಯಿತು, ಎಷ್ಟನ್ನು ಯಾಕೆ ತಿರಸ್ಕರಿಸಲಾಯಿತು ಎಂಬುದನ್ನು ಮಂಡಲವಾರು ಪ್ರಕಟಿಸಲಿ. ಐದು, ಬರೀ ತಪಾಸಣೆಗಾಗಿ ಸೇರಿದ್ದೀರಿ ಎಂಬ ಷರತ್ತನ್ನು ಖಾಸಗಿ ಪಾಲಿಸಿಗಳಿಂದ ತೆಗೆಸುವ ಕೆಲಸ ವಿಮಾ ಪ್ರಾಧಿಕಾರದ್ದು; ಸರ್ಕಾರಿ ವೈದ್ಯರೇ ರೆಫರ್ ಮಾಡಿದ ರೋಗಿಗಾದರೂ ಅದು ಅನ್ವಯಿಸಬಾರದು.

ಓದುಗರಿಗೂ ಒಂದು ಮಾತು. ಕಾಯಿಲೆಯ ಒಂದು ಚೀಟಿಯನ್ನೂ ಬಿಸಾಡಬೇಡಿ. ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿ ಇಡಿ. ಯಾವಾಗ ಶುರುವಾಯಿತು, ಯಾವ ಮಾತ್ರೆಗೆ ಇಳಿಯಿತು, ಯಾವಾಗ ಮರಳಿತು ಎಂಬುದನ್ನು ನಿಮ್ಮ ಭಾಷೆಯಲ್ಲೇ ಬರೆದಿಡಿ. ಕುರಿ, ದನದ ಜೊತೆ ಇರುವವರು, ಗುಳೆ ಹೋಗಿ ಬಂದವರು, ಔಷಧ ಸಿಂಪಡಿಸಿದವರು ಡಾಕ್ಟರು ಕೇಳದಿದ್ದರೂ ಅದನ್ನು ಹೇಳಿ. ಗುಳೆ ಹೋಗುವಾಗ ಫೈಲು ಗಂಟಿನಲ್ಲಿರಲಿ. ಅಪ್ರೂವಲ್ ಬರಲಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ವೈದ್ಯ ಸೇವೆಗೆ 104, ಆಯುಷ್ಮಾನ್ ಯೋಜನೆಗೆ 14555, ಖಾಸಗಿ ವಿಮೆಯ ದೂರಿಗೆ 155255 ಸಂಖ್ಯೆಗಳಿವೆ. ಕಂಪನಿ 30 ದಿನದೊಳಗೆ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇಷ್ಟು ಮಾಡಿದ ಮೇಲೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿ: ನಮ್ಮ ಆರೋಗ್ಯ ಕೇಂದ್ರದಲ್ಲಿ ನಡೆಯಬೇಕಾದ 63 ಪರೀಕ್ಷೆಗಳಲ್ಲಿ ಇಂದು ಎಷ್ಟು ನಡೆಯುತ್ತಿವೆ? ಉತ್ತರವನ್ನು ಬರೆಸಿಕೊಳ್ಳಿ, ಕೆಳಗೆ ಸಹಿ ಹಾಕಿಸಿಕೊಳ್ಳಿ. ಕಾರ್ಡು ಕೊಟ್ಟವರು ಈ ಲೆಕ್ಕವನ್ನೂ ಕೊಡಬೇಕು.